ಸ್ತನ ಕ್ಯಾನ್ಸರ್: ಜೀವಕೋಶಗಳನ್ನು ಆರಿಸಿ ನೋಡಿದ ಕಥೆ

ಇಬ್ಬರು ಮಹಿಳೆಯರಿಗೆ ಒಂದೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂತು ಎಂದುಕೊಳ್ಳೋಣ. ಇಬ್ಬರ ಗಡ್ಡೆಯೂ ಒಂದೇ ಗಾತ್ರದ್ದು. ಕಂಕುಳಿನ ಗ್ರಂಥಿಗಳಿಗೆ ಇಬ್ಬರಲ್ಲೂ ರೋಗ ಹರಡಿಲ್ಲ. ಇಬ್ಬರಿಗೂ ಒಂದೇ ಬಗೆಯ ಶಸ್ತ್ರಚಿಕಿತ್ಸೆ ಆಗುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೂ ಒಬ್ಬಾಕೆ ಮೊಮ್ಮಕ್ಕಳನ್ನು ಆಡಿಸಿಕೊಂಡು ಆರೋಗ್ಯವಾಗಿರುತ್ತಾಳೆ. ಇನ್ನೊಬ್ಬಾಕೆಗೆ ಮೂರೇ ವರ್ಷದಲ್ಲಿ ರೋಗ ಮೂಳೆಯಲ್ಲೋ ಶ್ವಾಸಕೋಶದಲ್ಲೋ ಮತ್ತೆ ಕಾಣಿಸಿಕೊಳ್ಳುತ್ತದೆ. ಹೀಗೇಕೆ?

ನೂರು ವರ್ಷಕ್ಕೂ ಮೇಲ್ಪಟ್ಟು ವೈದ್ಯರನ್ನು ಕಾಡಿದ ಪ್ರಶ್ನೆ ಇದು. ಮೊದಲನೆಯಾಕೆಗೆ ಕೀಮೋಥೆರಪಿ ಕೊಟ್ಟರೆ ಬೇಡದ ಸಂಕಟವನ್ನು ಹೊರಿಸಿದಂತೆ. ಎರಡನೆಯಾಕೆಗೆ ಕೊಡದೆ ಬಿಟ್ಟರೆ ಜೀವಕ್ಕೇ ಸಂಚಕಾರ. ಯಾರು ಮೊದಲನೆಯಾಕೆ, ಯಾರು ಎರಡನೆಯಾಕೆ ಎಂಬುದನ್ನು ಶಸ್ತ್ರಚಿಕಿತ್ಸೆಯಾದ ವಾರದಲ್ಲೇ ತಿಳಿಯುವುದು ಹೇಗೆ? ಗುಟ್ಟು ಗಡ್ಡೆಯೊಳಗಿನ ಜೀವಕೋಶಗಳಲ್ಲಿದೆ ಎಂಬ ನಂಬಿಕೆ ಹಳೆಯದು. ಆ ಕೋಶಗಳನ್ನು ಒಂದೊಂದಾಗಿ ಬಿಡಿಸಿ, ಎಣಿಸಿ, ಅಳೆದು, ಮೊರದಲ್ಲಿ ಅಕ್ಕಿ ಆರಿಸಿದಂತೆ ಬೇರೆ ಮಾಡಿ ನೋಡುವ ವಿದ್ಯೆ ಮಾತ್ರ ಇಪ್ಪತ್ತನೆಯ ಶತಮಾನದ ಕೊಡುಗೆ. ಸ್ತನ ಕ್ಯಾನ್ಸರಿನ ವಿಷಯದಲ್ಲಿ ಆ ವಿದ್ಯೆ ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂಬುದು ತಿಳಿಯಬೇಕಾದ ಇತಿಹಾಸ.

ಕಣ್ಣಳತೆಯ ಕಾಲ

ಬರ್ಲಿನ್ನಿನ ರೂಡಾಲ್ಫ್ ವಿರ್ಷೊ ತಮ್ಮ ಉಪನ್ಯಾಸಗಳನ್ನು 1858ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ರೋಗದ ನೆಲೆಯನ್ನು ಜೀವಕೋಶದಲ್ಲೇ ಹುಡುಕಬೇಕು, ಪ್ರತಿಯೊಂದು ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ ಎಂಬುದು ಅವರ ವಾದದ ತಿರುಳು. ಅಲ್ಲಿಂದ ಮುಂದೆ ಗಡ್ಡೆಯನ್ನು ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುವುದು ರೋಗಶಾಸ್ತ್ರಜ್ಞರ ನಿತ್ಯದ ಕೆಲಸವಾಯಿತು. ಆ ಕಾಲಕ್ಕೆ ಸರಿಯಾಗಿ ಜರ್ಮನಿಯ ಕಾರ್ಖಾನೆಗಳು ಬಟ್ಟೆಗೆ ಹಾಕುವ ಹೊಸ ಹೊಸ ಕೃತಕ ಬಣ್ಣಗಳನ್ನು ಹೊರತರುತ್ತಿದ್ದವು. ಪಾಲ್ ಎರ್ಲಿಕ್ ಎಂಬ ತರುಣ ವೈದ್ಯರು 1870ರ ದಶಕದಲ್ಲಿ ಆ ಬಣ್ಣಗಳನ್ನು ಜೀವಕೋಶಗಳ ಮೇಲೆ ಪ್ರಯೋಗಿಸಿದರು. ಒಂದೊಂದು ಬಗೆಯ ಕೋಶ ಒಂದೊಂದು ಬಣ್ಣವನ್ನು ಹಿಡಿಯುತ್ತದೆ ಎಂದು ಅವರಿಗೆ ಕಂಡಿತು. ರಕ್ತದ ಬಿಳಿಯ ಕೋಶಗಳಲ್ಲಿ ಹಲವು ಜಾತಿಗಳಿವೆ ಎಂಬುದು ಹಾಗೆ ಬಣ್ಣದಿಂದಲೇ ಗೊತ್ತಾಯಿತು. ಮುಂದಿನ ಎಲ್ಲ ಕಥೆಯ ಬೀಜ ಇಲ್ಲಿದೆ.

ಸ್ತನ ಕ್ಯಾನ್ಸರಿನ ಚಿಕಿತ್ಸೆ ಆಗ ಚಾಕುವಿನ ಕೈಯಲ್ಲಿತ್ತು. ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತಮ್ಮ ಐವತ್ತು ಶಸ್ತ್ರಚಿಕಿತ್ಸೆಗಳ ವರದಿಯನ್ನು ಪ್ರಕಟಿಸಿದರು. ಸ್ತನದ ಜೊತೆಗೆ ಅದರ ಅಡಿಯ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ತೆಗೆದುಹಾಕುವ ಕ್ರಮ ಅದು. ಸುಮಾರು ಎಪ್ಪತ್ತು ವರ್ಷ ಕಾಲ ಲೆಕ್ಕವಿಲ್ಲದಷ್ಟು ಹೆಂಗಸರು ಈ ಚಿಕಿತ್ಸೆಗೆ ಒಳಗಾದರು. ಗಡ್ಡೆ ಎಂಥದ್ದಾದರೂ ಚಿಕಿತ್ಸೆ ಒಂದೇ.

ಇದಕ್ಕೆ ಹೊರತಾದ ಒಂದು ದಾರಿಯನ್ನು ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ 1896ರಲ್ಲಿ ತೋರಿಸಿದರು. ಹಾಲೂಡಿಕೆಯ ವಿಷಯವನ್ನು ಅಭ್ಯಾಸ ಮಾಡಿದ್ದ ಅವರು, ಮುಂದುವರಿದ ಸ್ತನ ಕ್ಯಾನ್ಸರಿನ ಮಹಿಳೆಯರ ಅಂಡಾಶಯವನ್ನು ತೆಗೆದರೆ ಗಡ್ಡೆ ಕುಗ್ಗಬಹುದು ಎಂದು ವರದಿ ಮಾಡಿದರು. ಕೆಲವರಲ್ಲಿ ಅದು ನಿಜವಾಯಿತು, ಹೆಚ್ಚಿನವರಲ್ಲಿ ಆಗಲಿಲ್ಲ. ಯಾರಲ್ಲಿ ಆಗುತ್ತದೆ ಎಂದು ಮೊದಲೇ ಹೇಳುವ ಉಪಾಯ ಯಾರಿಗೂ ತಿಳಿದಿರಲಿಲ್ಲ. ಸ್ತನ ಕ್ಯಾನ್ಸರ್ ಎಂಬ ಒಂದೇ ಹೆಸರಿನ ಅಡಿಯಲ್ಲಿ ಬೇರೆ ಬೇರೆ ರೋಗಗಳು ಅಡಗಿರಬಹುದು ಎಂಬ ಮೊದಲ ಸುಳಿವು ಇದು.

ಲಂಡನ್ನಿನ ಬ್ಲೂಮ್ ಮತ್ತು ರಿಚರ್ಡ್‌ಸನ್ 1957ರಲ್ಲಿ ಗಡ್ಡೆಗಳಿಗೆ ದರ್ಜೆ ಕೊಡುವ ಕ್ರಮವೊಂದನ್ನು ರೂಪಿಸಿದರು. ಕೋಶಗಳು ನಾಳದ ಆಕಾರದಲ್ಲಿ ಕೂಡಿಕೊಂಡಿವೆಯೇ, ಅವುಗಳ ಕೇಂದ್ರಗಳು ಎಷ್ಟು ವಿಕಾರವಾಗಿವೆ, ಎಷ್ಟು ಕೋಶಗಳು ವಿಭಜನೆಯಾಗುತ್ತಿವೆ ಎಂಬ ಮೂರು ಲಕ್ಷಣಗಳಿಗೆ ಅಂಕ ಕೊಟ್ಟು ಕೂಡಿಸುವುದು ಆ ಕ್ರಮ. ತಿದ್ದುಪಡಿಗಳೊಂದಿಗೆ ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಇದು ಕಣ್ಣಳತೆ. ಒಂದೇ ಗಾಜಿನ ತುಣುಕನ್ನು ನೋಡಿ ಇಬ್ಬರು ತಜ್ಞರು ಬೇರೆ ಬೇರೆ ಅಂಕ ಕೊಡುವುದುಂಟು. ಕಣ್ಣಿನ ಬದಲು ಯಂತ್ರವೇ ಕೋಶಗಳನ್ನು ಅಳೆಯುವಂತಾದರೆ?

ಸಾಲಾಗಿ ಹೊರಟ ಕೋಶಗಳು

ಈ ಆಲೋಚನೆ ಹಲವು ಊರುಗಳಲ್ಲಿ ಹಲವರಿಗೆ ಹೊಳೆದಿತ್ತು. ಸ್ವೀಡನ್ನಿನ ಟಾರ್‌ಬ್ಯೋರ್ನ್ ಕ್ಯಾಸ್ಪರ್ಸನ್ 1930ರ ದಶಕದಲ್ಲಿ ಒಂದೊಂದೇ ಕೋಶದ ಮೂಲಕ ಅತಿನೇರಳೆ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತು ಎಂಬುದರಿಂದ ಕೋಶದೊಳಗಿನ ನ್ಯೂಕ್ಲಿಯಿಕ್ ಆಮ್ಲವನ್ನು ಅಳೆದರು. ಅದೇ ದಶಕದಲ್ಲಿ, 1934ರಲ್ಲಿ, ಕೆನಡಾದ ಮಾಂಟ್ರಿಯಲ್ಲಿನ ಆಂಡ್ರೂ ಮೊಲ್ಡಾವನ್ ಇನ್ನೊಂದು ಉಪಾಯ ಸೂಚಿಸಿದರು: ಸೂಕ್ಷ್ಮದರ್ಶಕವನ್ನು ಕೋಶದಿಂದ ಕೋಶಕ್ಕೆ ಸರಿಸುವುದೇಕೆ? ಕೂದಲೆಳೆಯಂಥ ಕೊಳವೆಯಲ್ಲಿ ಕೋಶಗಳೇ ಹರಿದು ಬರಲಿ, ದ್ಯುತಿಕೋಶ ಅವನ್ನು ಎಣಿಸಲಿ.

ಹೇಳುವುದು ಸುಲಭ, ಮಾಡುವುದು ಕಷ್ಟ. ಕೊಳವೆ ತೀರ ಸಣ್ಣದಾದರೆ ಕಟ್ಟಿಕೊಳ್ಳುತ್ತದೆ; ದೊಡ್ಡದಾದರೆ ಕೋಶಗಳು ಒಂದರ ಪಕ್ಕ ಒಂದು ನುಗ್ಗುತ್ತವೆ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯನ್ನು 1953ರಲ್ಲಿ ಇಂಗ್ಲೆಂಡಿನ ಕ್ರಾಸ್‌ಲೆಂಡ್-ಟೇಲರ್ ತೋರಿಸಿದರು. ವೇಗವಾಗಿ ಹರಿಯುವ ನೀರಿನ ನಡುಮಧ್ಯಕ್ಕೆ ಕೋಶಗಳಿರುವ ದ್ರವವನ್ನು ಮೆಲ್ಲಗೆ ಬಿಟ್ಟರೆ ಸುತ್ತಲಿನ ನೀರೇ ಅದನ್ನು ಒತ್ತಿ ಎಳೆಯಂತೆ ತೆಳುವಾಗಿಸುತ್ತದೆ. ಕೊಳವೆ ಅಗಲವಾಗಿದ್ದರೂ ಕೋಶಗಳು ಸರದಿಯ ಸಾಲಿನಲ್ಲಿ ಒಂದರ ಹಿಂದೆ ಒಂದು ಬರುತ್ತವೆ.

ಅದೇ ವರ್ಷ ಅಮೆರಿಕದ ವ್ಯಾಲೇಸ್ ಕೌಲ್ಟರ್ ಅವರಿಗೆ ಒಂದು ಪೇಟೆಂಟು ದೊರೆಯಿತು. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ಜೀವಕೋಶದ ಮೂಲಕ ಅಷ್ಟು ಸುಲಭವಾಗಿ ಹರಿಯದು. ಸಣ್ಣ ರಂಧ್ರವೊಂದರಲ್ಲಿ ಕೋಶ ತೂರಿದ ಕ್ಷಣ ವಿದ್ಯುತ್ತಿಗೆ ತಡೆಯಾಗುತ್ತದೆ. ಆ ತಡೆಯನ್ನು ಎಣಿಸಿದರೆ ಕೋಶಗಳ ಸಂಖ್ಯೆ ಸಿಕ್ಕಿತು. ತಡೆಯ ಪ್ರಮಾಣ ಅಳೆದರೆ ಕೋಶದ ಗಾತ್ರವೂ ಸಿಕ್ಕಿತು. ಇಂದು ಊರೂರಿನ ಪ್ರಯೋಗಾಲಯಗಳಲ್ಲಿ ರಕ್ತದ ಕೋಶಗಳನ್ನು ಎಣಿಸುವ ಯಂತ್ರಗಳಲ್ಲಿ ಬಹಳಷ್ಟರ ಒಳಗೆ ಈ ತತ್ವವೇ ಕೆಲಸ ಮಾಡುತ್ತಿದೆ.

ಎಣಿಸುವುದಾಯಿತು, ಆರಿಸುವುದು? ಲಾಸ್ ಅಲಾಮೋಸ್‌ನ ಮ್ಯಾಕ್ ಫುಲ್‌ವೈಲರ್ ಅವರಿಗೆ ಈ ಅಗತ್ಯ ಬಿದ್ದದ್ದು ಒಂದು ಅನುಮಾನದಿಂದ. ಕೌಲ್ಟರ್ ಯಂತ್ರ ಕೆಂಪು ರಕ್ತಕೋಶಗಳಲ್ಲಿ ಎರಡು ಗಾತ್ರಗಳಿವೆ ಎಂಬಂತೆ ತೋರಿಸುತ್ತಿತ್ತು. ಅದು ನಿಜವೋ ಯಂತ್ರದ ದೋಷವೋ ತಿಳಿಯಲು ದೊಡ್ಡವನ್ನೂ ಚಿಕ್ಕವನ್ನೂ ಬೇರ್ಪಡಿಸಿ ನೋಡಬೇಕಿತ್ತು. ಸ್ಟ್ಯಾನ್‌ಫರ್ಡಿನ ಎಂಜಿನಿಯರ್ ರಿಚರ್ಡ್ ಸ್ವೀಟ್ ಆಗ ಮಸಿಯ ಹನಿಗಳಿಗೆ ವಿದ್ಯುದಂಶ ಕೊಟ್ಟು ಬೇಕಾದ ಕಡೆಗೆ ತಿರುಗಿಸಿ ಕಾಗದದ ಮೇಲೆ ಗೆರೆ ಎಳೆಸುವ ಯಂತ್ರ ಕಟ್ಟಿದ್ದರು. ಫುಲ್‌ವೈಲರ್ ಆ ಉಪಾಯವನ್ನು ಎರವಲು ಪಡೆದರು. ಮಸಿಯ ಬದಲು ಕೋಶಗಳಿರುವ ದ್ರವ. ಕೋಶ ಅಡಗಿರುವ ಹನಿಗೆ ವಿದ್ಯುದಂಶ ಕೊಟ್ಟರೆ ಅದು ಎಡಕ್ಕೋ ಬಲಕ್ಕೋ ಬಾಗಿ ತನ್ನ ಪಾತ್ರೆಗೆ ಬೀಳುತ್ತದೆ. ಈ ವಿಧಾನ ಪ್ರಕಟವಾದದ್ದು 1965ರಲ್ಲಿ. ಎರಡು ಗಾತ್ರದ ಕಥೆ ಯಂತ್ರದ ಭ್ರಮೆ ಎಂದು ತಿಳಿಯಿತು. ಅದನ್ನು ಬಯಲು ಮಾಡಲು ಹುಟ್ಟಿದ ಸಾಧನ ಉಳಿಯಿತು. ಅದೇ ವರ್ಷ ಐಬಿಎಂನ ಲೂಯಿ ಕಾಮೆಂಟ್‌ಸ್ಕಿ ಗರ್ಭಕಂಠದ ಕ್ಯಾನ್ಸರ್ ಕೋಶಗಳನ್ನು ಯಂತ್ರದಿಂದಲೇ ಪತ್ತೆ ಹಚ್ಚುವ ಆಸೆಯಿಂದ ಬೆಳಕಿನಿಂದ ಅಳೆಯುವ ಯಂತ್ರವೊಂದನ್ನು ಮುಂದಿಟ್ಟರು.

ಹೊಳೆಯುವ ಗುರುತುಚೀಟಿ

ಗಾತ್ರದಿಂದ ಆರಿಸಿದರೆ ಸಾಲದು. ಕ್ಯಾನ್ಸರ್ ಕೋಶ ತನ್ನ ಪಕ್ಕದ ಒಳ್ಳೆಯ ಕೋಶದಷ್ಟೇ ಗಾತ್ರದ್ದಿರಬಹುದು. ಕೋಶದ ಮೇಲೆ ಯಾವ ಪ್ರೊಟೀನು ಇದೆ ಎಂದು ತಿಳಿಯಬೇಕು. ಇದಕ್ಕೆ ಬೇಕಾದ ಗುರುತುಚೀಟಿಯನ್ನು ಹಾರ್ವರ್ಡಿನ ಆಲ್ಬರ್ಟ್ ಕೂನ್ಸ್ 1941ರಲ್ಲೇ ಸಿದ್ಧಪಡಿಸಿದ್ದರು. ನಮ್ಮ ದೇಹ ರೋಗಾಣುಗಳ ವಿರುದ್ಧ ತಯಾರಿಸುವ ಪ್ರತಿಕಾಯಗಳು ಬೀಗಕ್ಕೆ ಕೀಲಿಕೈಯಂತೆ ಒಂದೇ ಗುರಿಗೆ ಅಂಟುತ್ತವೆ. ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದಲ್ಲಿ ಹೊಳೆಯುವ ವಸ್ತುವನ್ನು ಪ್ರತಿಕಾಯಕ್ಕೆ ಕಟ್ಟಿದರೆ, ಅದು ಅಂಟಿದ ಕೋಶ ಕತ್ತಲಲ್ಲಿ ಮಿಂಚುಹುಳುವಿನಂತೆ ಕಾಣುತ್ತದೆ.

ಸ್ಟ್ಯಾನ್‌ಫರ್ಡಿನ ಲಿಯೊನಾರ್ಡ್ ಹರ್ಜೆನ್‌ಬರ್ಗ್ ಇಂಥ ಹೊಳೆಯುವ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಎಣಿಸಿ ಎಣಿಸಿ ಬೇಸತ್ತಿದ್ದರು. ಹೊಳೆಯುವ ಕೋಶಗಳನ್ನು ಜೀವಂತವಾಗಿ ಹೊರತೆಗೆಯಬೇಕೆಂಬ ಹಂಬಲವೂ ಇತ್ತು. ಫುಲ್‌ವೈಲರ್ ಅವರ ಹನಿ ತಿರುಗಿಸುವ ಉಪಾಯಕ್ಕೆ ಕೂನ್ಸ್ ಅವರ ಹೊಳಪನ್ನು ಜೋಡಿಸಿ ಅವರ ತಂಡ 1969ರಲ್ಲಿ ಮೊದಲ ವರದಿ ಪ್ರಕಟಿಸಿತು. 1972ರ ಸುಧಾರಿತ ಯಂತ್ರದಲ್ಲಿ ಲೇಸರ್ ಬೆಳಕು ಬಂತು. ದಶಕದ ನಡುವಿಗೆ ಅದು ಮಾರುಕಟ್ಟೆಗೂ ಬಂತು. ಜರ್ಮನಿಯ ಮ್ಯೂನ್‌ಸ್ಟರಿನಲ್ಲಿ ವೂಲ್ಫ್‌ಗಾಂಗ್ ಗೋಡೆ 1968ರಲ್ಲೇ ಹೊಳಪನ್ನು ಅಳೆಯುವ ಯಂತ್ರ ರೂಪಿಸಿದ್ದರು. ಹರಿಯುವ ಕೋಶಗಳನ್ನು ಹೀಗೆ ಅಳೆಯುವ ವಿದ್ಯೆಗೆ ಫ್ಲೋ ಸೈಟೋಮೆಟ್ರಿ ಎಂಬ ಹೆಸರು ನಿಂತಿತು.

ಯಂತ್ರ ಸಿದ್ಧವಿದ್ದರೂ ಒಳ್ಳೆಯ ಪ್ರತಿಕಾಯಗಳು ಸಾಲದಾಗಿದ್ದವು. ಪ್ರಾಣಿಗಳ ರಕ್ತದಿಂದ ತೆಗೆದ ಪ್ರತಿಕಾಯ ಹತ್ತೆಂಟು ಬಗೆಯವುಗಳ ಕಲಬೆರಕೆ. ಕೇಂಬ್ರಿಜ್‌ನ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್ 1975ರಲ್ಲಿ ಈ ಕೊರತೆ ನೀಗಿಸಿದರು. ಪ್ರತಿಕಾಯ ತಯಾರಿಸುವ ಕೋಶವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರೆ ಒಂದೇ ಬಗೆಯ ಪ್ರತಿಕಾಯ ಬೇಕಾದಷ್ಟು ದೊರೆಯುತ್ತದೆ. ಕ್ಯಾನ್ಸರನ್ನು ಗುರುತಿಸುವ ಸಾಧನಕ್ಕೆ ಕ್ಯಾನ್ಸರ್ ಕೋಶವೇ ತಾಯಿಯಾದದ್ದು ಈ ಇತಿಹಾಸದ ಒಂದು ವಿಚಿತ್ರ. ಮಿಲ್‌ಸ್ಟೈನ್ ಅವರ ಪ್ರಯೋಗಾಲಯಕ್ಕೆ ರಜೆಯಲ್ಲಿ ಹೋಗಿದ್ದ ಹರ್ಜೆನ್‌ಬರ್ಗ್ ಆ ಬೆಸುಗೆಯ ಕೋಶಕ್ಕೆ ಹೈಬ್ರಿಡೋಮ ಎಂದು ಹೆಸರಿಟ್ಟರು. ಹೊಸ ಪ್ರತಿಕಾಯಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಅವು ಗುರುತಿಸುವ ಪ್ರೊಟೀನುಗಳಿಗೆ ಸಿಡಿ4, ಸಿಡಿ24, ಸಿಡಿ44 ಎಂದು ಸಂಖ್ಯೆ ಕೊಡುವ ಪದ್ಧತಿ 1982ರಲ್ಲಿ ಪ್ಯಾರಿಸ್ಸಿನ ಸಮ್ಮೇಳನದಿಂದ ಶುರುವಾಯಿತು.

ರಕ್ತದ ಕಾಯಿಲೆಗಳಲ್ಲಿ ಯಂತ್ರ ಬೇಗ ಯಶಸ್ವಿಯಾಯಿತು. ರಕ್ತದ ಕ್ಯಾನ್ಸರುಗಳ ಜಾತಿ ಹೇಳಲು, ಏಡ್ಸ್ ರೋಗಿಗಳ ಸಿಡಿ4 ಕೋಶಗಳನ್ನು ಎಣಿಸಲು ಅದು ಅನಿವಾರ್ಯವಾಯಿತು. ರಕ್ತದಲ್ಲಿ ಕೋಶಗಳು ಹುಟ್ಟಿನಿಂದಲೇ ಬಿಡಿಬಿಡಿ. ಯಂತ್ರಕ್ಕೆ ಬೇಕಾದದ್ದೂ ಅದೇ.

ಗಟ್ಟಿ ಗಡ್ಡೆಯ ತಕರಾರು

ಸ್ತನದ ಗಡ್ಡೆ ಹಾಗಲ್ಲ. ಅದು ಕೈಗೆ ಗಟ್ಟಿಯಾಗಿ ತಾಗುವ ಗಂಟು. ಅದರಲ್ಲಿ ಕ್ಯಾನ್ಸರ್ ಕೋಶಗಳ ಜೊತೆಗೆ ನಾರು, ಕೊಬ್ಬು, ರಕ್ತನಾಳ, ರಕ್ಷಣೆಗೆ ಬಂದ ಬಿಳಿಯ ಕೋಶಗಳು ಎಲ್ಲವೂ ಹೆಣೆದುಕೊಂಡಿವೆ. ಯಂತ್ರಕ್ಕೆ ಹಾಕಬೇಕಾದರೆ ಗಡ್ಡೆಯನ್ನು ಕೊಚ್ಚಿ, ನಾರನ್ನು ಕರಗಿಸುವ ಕಿಣ್ವದಲ್ಲಿ ನೆನೆಸಿ, ಸೋಸಬೇಕು. ಆ ಗಲಾಟೆಯಲ್ಲಿ ಎಷ್ಟೋ ಕೋಶಗಳು ಸಾಯುತ್ತವೆ. ಉಳಿದವು ಎಲ್ಲಿದ್ದವು, ಯಾರ ಪಕ್ಕದಲ್ಲಿದ್ದವು ಎಂಬುದು ಅಳಿಸಿಹೋಗುತ್ತದೆ. ಊರಿನ ಮನೆಗಳನ್ನೆಲ್ಲ ಕೆಡವಿ ಜನರನ್ನು ಸಾಲಾಗಿ ನಿಲ್ಲಿಸಿ ಎತ್ತರ ಅಳೆದಂತೆ. ಎತ್ತರದ ಲೆಕ್ಕ ಸಿಗುತ್ತದೆ, ಊರು ಸಿಗುವುದಿಲ್ಲ.

ಆದರೂ 1980ರ ದಶಕದಲ್ಲಿ ಒಂದು ದೊಡ್ಡ ಆಸೆ ಚಿಗುರಿತು. ಆರೋಗ್ಯವಾದ ಕೋಶದಲ್ಲಿ ಡಿಎನ್‌ಎ ನಿರ್ದಿಷ್ಟ ಪ್ರಮಾಣದಲ್ಲಿರುತ್ತದೆ. ಕೆಡುಕಿನ ಹಾದಿ ಹಿಡಿದ ಗಡ್ಡೆಗಳಲ್ಲಿ ಈ ಪ್ರಮಾಣ ಏರುಪೇರಾಗಿರುತ್ತದೆ. ಎಷ್ಟು ಕೋಶಗಳು ವಿಭಜನೆಗೆ ಅಣಿಯಾಗಿ ಡಿಎನ್‌ಎ ನಕಲು ಮಾಡುತ್ತಿವೆ ಎಂಬುದನ್ನೂ ಯಂತ್ರ ಹೇಳಬಲ್ಲದು. ಸಿಡ್ನಿಯ ಡೇವಿಡ್ ಹೆಡ್ಲಿ ಮತ್ತು ಸಂಗಡಿಗರು 1983ರಲ್ಲಿ ಇನ್ನೊಂದು ಬಾಗಿಲು ತೆರೆದರು. ಆಸ್ಪತ್ರೆಗಳ ಕಪಾಟುಗಳಲ್ಲಿ ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿಟ್ಟ ಹಳೆಯ ಗಡ್ಡೆಗಳಿಂದಲೂ ಕೋಶಕೇಂದ್ರಗಳನ್ನು ಬಿಡಿಸಿ ಡಿಎನ್‌ಎ ಅಳೆಯಬಹುದು ಎಂದು ತೋರಿಸಿದರು. ಆ ಮೇಣದ ತುಂಡುಗಳ ಒಡತಿಯರು ಮುಂದೆ ಏನಾದರು ಎಂಬುದು ದಾಖಲೆಯಲ್ಲಿತ್ತು. ಹತ್ತು ವರ್ಷ ಕಾಯದೆಯೇ ಹತ್ತು ವರ್ಷದ ಫಲಿತಾಂಶ ಕೈಗೆ ಬಂದಂತಾಯಿತು.

ಕಾಲವೂ ಅದಕ್ಕೆ ಹದವಾಗಿತ್ತು. ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರೂ, ಇಡೀ ಸ್ತನ ತೆಗೆದರೂ ಬದುಕುಳಿಯುವ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲ ಎಂದು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ ಅವರ ತಂಡ 1985ರಲ್ಲಿ ತೋರಿಸಿ ಹಾಲ್‌ಸ್ಟೆಡ್ ಯುಗಕ್ಕೆ ತೆರೆ ಎಳೆದಿತ್ತು. ಕಂಕುಳಿಗೆ ರೋಗ ಹರಡದ ಮಹಿಳೆಯರಿಗೂ ಔಷಧ ಚಿಕಿತ್ಸೆಯಿಂದ ಲಾಭವಿದೆ ಎಂಬ ಸೂಚನೆ 1988ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಿಂದ ವೈದ್ಯರಿಗೆ ಹೋಯಿತು. ಅಂಥ ಮಹಿಳೆಯರಲ್ಲಿ ನೂರಕ್ಕೆ ಸುಮಾರು 70 ಮಂದಿ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುವವರು. ಉಳಿದ 30 ಮಂದಿಗಾಗಿ ನೂರು ಮಂದಿಗೂ ಕೀಮೋಥೆರಪಿ ಕೊಡಬೇಕೆ? ನಾವು ಮೊದಲು ಕೇಳಿದ ಪ್ರಶ್ನೆ ಈಗ ಸಾವಿರಾರು ಮನೆಗಳ ಪ್ರಶ್ನೆಯಾಯಿತು. ಟೆಕ್ಸಾಸಿನ ಗ್ಯಾರಿ ಕ್ಲಾರ್ಕ್, ವಿಲಿಯಂ ಮೆಗ್ವೈರ್ ಮತ್ತು ಸಂಗಡಿಗರು 1989ರಲ್ಲಿ, ಡಿಎನ್‌ಎ ಪ್ರಮಾಣ ಸರಿಯಾಗಿರುವ ಗಡ್ಡೆಯವರಲ್ಲಿ ರೋಗ ಮರುಕಳಿಸುವುದು ಕಡಿಮೆ ಎಂದು ವರದಿ ಮಾಡಿದರು. ಯಂತ್ರ ಉತ್ತರ ಹೇಳಿಯೇಬಿಟ್ಟಿತು ಎಂದು ಅನೇಕರಿಗೆ ಅನಿಸಿತು.

ಅನಿಸಿದ್ದು ಉಳಿಯಲಿಲ್ಲ. ಒಂದು ಪ್ರಯೋಗಾಲಯದ ಅಂಕಿ ಇನ್ನೊಂದರ ಅಂಕಿಗೆ ಹೊಂದಲಿಲ್ಲ. ಗಡ್ಡೆಯನ್ನು ಬಿಡಿಸುವ ರೀತಿ ಬೇರೆ, ಒಳ್ಳೆಯದು ಕೆಟ್ಟದ್ದರ ನಡುವೆ ಗೆರೆ ಎಳೆಯುವ ಅಂಕಿ ಬೇರೆ. ಮೇಣದ ತುಂಡನ್ನು ಸೀಳುವಾಗ ಕೋಶಕೇಂದ್ರಗಳೇ ತುಂಡಾಗುತ್ತಿದ್ದವು. ಬೆರೆತುಹೋದ ಒಳ್ಳೆಯ ಕೋಶಗಳು ಕೆಟ್ಟವನ್ನು ಮರೆಮಾಡುತ್ತಿದ್ದವು. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘದ ತಜ್ಞರ ಸಮಿತಿ 1996ರಲ್ಲಿ ಎಲ್ಲ ವರದಿಗಳನ್ನೂ ತೂಗಿ ನೋಡಿ, ಸ್ತನ ಕ್ಯಾನ್ಸರಿನಲ್ಲಿ ಈ ಪರೀಕ್ಷೆಯನ್ನು ನಂಬಿ ಮುನ್ನಡೆಯಲು ಆಧಾರ ಸಾಲದು ಎಂದಿತು.

ಅಷ್ಟರಲ್ಲಿ ಹಳೆಯ ಗಾಜಿನ ತುಣುಕೇ ಹೊಸ ವೇಷದಲ್ಲಿ ಮರಳಿ ಬಂದಿತ್ತು. ಬೀಟ್ಸನ್ನರ ಒಗಟನ್ನು ಬಿಡಿಸಿದವರು ಷಿಕಾಗೋದ ಎಲ್‌ವುಡ್ ಜೆನ್ಸನ್. ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಗ್ರಾಹಕವೊಂದು ಕೋಶದಲ್ಲಿದೆ ಎಂದು ಅವರು 1950ರ ದಶಕದ ಕೊನೆಯಿಂದ ತೋರಿಸುತ್ತ ಬಂದರು. ಆ ಗ್ರಾಹಕವಿರುವ ಗಡ್ಡೆಗಳಿಗೆ ಹಾರ್ಮೋನು ತಡೆಯುವ ಚಿಕಿತ್ಸೆ ನಾಟುತ್ತದೆ, ಇಲ್ಲದವುಗಳಿಗೆ ನಾಟುವುದಿಲ್ಲ. ಮೊದಮೊದಲು ಗಡ್ಡೆಯನ್ನು ಅರೆದು ಗ್ರಾಹಕವನ್ನು ಅಳೆಯುತ್ತಿದ್ದರು. ಜೆನ್ಸನ್ ಮತ್ತು ಜೆಫ್ರಿ ಗ್ರೀನ್ 1980ರಲ್ಲಿ ಅದಕ್ಕೆ ಅಂಟುವ ಒಂದೇ ಬಗೆಯ ಪ್ರತಿಕಾಯವನ್ನು ಪಡೆದ ಮೇಲೆ, ಗಡ್ಡೆಯ ತೆಳು ಸೀಳಿನ ಮೇಲೆಯೇ ಗ್ರಾಹಕವಿರುವ ಕೋಶಗಳಿಗೆ ಬಣ್ಣ ಬರಿಸುವುದು ಸಾಧ್ಯವಾಯಿತು. ಮುಂದೆ ಹರ್-2 ಎಂಬ ಪ್ರೊಟೀನಿಗೂ ಇದೇ ಕ್ರಮ ಬಂತು. ಲೇಸರ್ ಯಂತ್ರಕ್ಕಾಗಿ ಬೆಳೆದ ಪ್ರತಿಕಾಯದ ವಿದ್ಯೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೇ ಹೆಚ್ಚು ಒದಗಿತು.

ಅರೆದಾಗ ಸಿಕ್ಕಿದ್ದು, ಆರಿಸಿದಾಗ ಸಿಕ್ಕಿದ್ದು

ಹಾಗಾದರೆ ಕೋಶ ಆರಿಸುವ ಯಂತ್ರದ ಕಥೆ ಸ್ತನ ಕ್ಯಾನ್ಸರಿನ ಮಟ್ಟಿಗೆ ಮುಗಿಯಿತೆ? ಇಲ್ಲ. ಹೊಸ ಶತಮಾನದಲ್ಲಿ ಅದಕ್ಕೆ ಬೇರೆ ಕೆಲಸ ಸಿಕ್ಕಿತು.

ಸ್ಟ್ಯಾನ್‌ಫರ್ಡ್ ಮತ್ತು ನಾರ್ವೆಯ ವಿಜ್ಞಾನಿಗಳು 2000ದಲ್ಲಿ 42 ಮಂದಿಯಿಂದ ಪಡೆದ 65 ಮಾದರಿಗಳನ್ನು ಅರೆದು, 8,102 ವಂಶವಾಹಿಗಳಲ್ಲಿ ಯಾವುವು ಎಷ್ಟು ಚುರುಕಾಗಿವೆ ಎಂದು ಒಮ್ಮೆಲೇ ನೋಡಿದರು. ಚಾರ್ಲ್ಸ್ ಪೆರೊ ಈ ವರದಿಯ ಮೊದಲ ಲೇಖಕರು. ಗಡ್ಡೆಗಳು ತಾವಾಗಿಯೇ ಗುಂಪುಗೂಡಿದವು: ಹಾಲಿನ ನಾಳದ ಒಳಪದರದ ಕೋಶಗಳನ್ನು ಹೋಲುವವು, ತಳಪದರದ ಕೋಶಗಳನ್ನು ಹೋಲುವವು, ಹರ್-2 ಹೆಚ್ಚಿರುವವು, ಆರೋಗ್ಯವಂತ ಸ್ತನವನ್ನು ಹೋಲುವವು. ಸ್ತನ ಕ್ಯಾನ್ಸರ್ ಒಂದೇ ರೋಗವಲ್ಲ ಎಂಬ ಅನುಮಾನಕ್ಕೆ ಪುರಾವೆ ದೊರೆಯಿತು. ಇದೇ ದಾರಿಯಲ್ಲಿ ಬಂದ 21 ವಂಶವಾಹಿಗಳ ಪರೀಕ್ಷೆಯೊಂದು ಹಳೆಯ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಕೊಟ್ಟಿತು. ಕಂಕುಳಿಗೆ ಹರಡದ, ಹಾರ್ಮೋನು ಗ್ರಾಹಕವಿರುವ, ಹರ್-2 ಇಲ್ಲದ ಗಡ್ಡೆಯಿದ್ದು, ಪರೀಕ್ಷೆಯಲ್ಲಿ ಮಧ್ಯಮ ಅಂಕ ಬಂದ ಮಹಿಳೆಯರಲ್ಲಿ ಹೆಚ್ಚಿನವರಿಗೆ ಕೀಮೋಥೆರಪಿ ಬೇಕಿಲ್ಲ ಎಂದು 2018ರಲ್ಲಿ ಪ್ರಕಟವಾದ, ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಪ್ರಯೋಗ ತಿಳಿಸಿತು. ಐವತ್ತಕ್ಕೆ ಕೆಳಗಿನ ಕೆಲವರಲ್ಲಿ ಮಾತ್ರ ಸ್ವಲ್ಪ ಲಾಭ ಕಂಡಿತು.

ಆದರೆ ಅರೆದರೆ ಸಿಗುವುದು ಸರಾಸರಿ. ಸಾರಿನ ರುಚಿ ನೋಡಿ ಉಪ್ಪೆಷ್ಟು, ಹುಳಿಯೆಷ್ಟು ಹೇಳಬಹುದು. ಯಾವ ಹೋಳು ಕಹಿಯಾಗಿತ್ತು ಎಂದು ಹೇಳಲಾಗದು. ಗಡ್ಡೆಯ ಎಲ್ಲ ಕೋಶಗಳೂ ಸಮನಾಗಿ ಅಪಾಯಕಾರಿಯೇ? ಮಿಷಿಗನ್ ವಿಶ್ವವಿದ್ಯಾಲಯದ ಮೈಕೆಲ್ ಕ್ಲಾರ್ಕ್, ಮ್ಯಾಕ್ಸ್ ವಿಚಾ ಮತ್ತು ಸಂಗಡಿಗರು 2003ರಲ್ಲಿ ಸ್ತನದ ಗಡ್ಡೆಗಳ ಕೋಶಗಳನ್ನು ಲೇಸರ್ ಯಂತ್ರದಿಂದ ಆರಿಸಿದರು. ಸಿಡಿ44 ಇದ್ದು ಸಿಡಿ24 ಇಲ್ಲದ ಅಥವಾ ತೀರ ಕಡಿಮೆಯಿದ್ದ ಕೋಶಗಳು ನೂರರಷ್ಟಿದ್ದರೂ ಇಲಿಗಳಲ್ಲಿ ಹೊಸ ಗಡ್ಡೆ ಬೆಳೆಸಿದವು. ಉಳಿದ ಕೋಶಗಳನ್ನು ಹತ್ತಾರು ಸಾವಿರ ಹಾಕಿದರೂ ಗಡ್ಡೆ ಏಳಲಿಲ್ಲ. ಕ್ಯಾನ್ಸರಿಗೂ ಬೀಜದಂಥ ಆಕರ ಕೋಶಗಳಿವೆ ಎಂಬ ವಾದ ಗಟ್ಟಿ ಗಡ್ಡೆಗಳಿಗೂ ಹಬ್ಬಿತು.

ವಾದಕ್ಕೆ ಪ್ರತಿವಾದವೂ ಬಂತು. ಚರ್ಮದ ಕ್ಯಾನ್ಸರಿನ ಒಂದು ಬಗೆಯಲ್ಲಿ, ರೋಗನಿರೋಧ ಶಕ್ತಿ ಇನ್ನೂ ಕುಂದಿದ ಇಲಿಗಳನ್ನು ಬಳಸಿದಾಗ ನಾಲ್ಕರಲ್ಲಿ ಒಂದು ಕೋಶ ಗಡ್ಡೆ ಎಬ್ಬಿಸಬಲ್ಲದು ಎಂದು ಅದೇ ವಿಶ್ವವಿದ್ಯಾಲಯದ ಬೇರೊಂದು ತಂಡ 2008ರಲ್ಲಿ ತೋರಿಸಿತು. ಬೀಜ ಮೊಳೆಯುವುದು ಬೀಜದ ಗುಣದಿಂದಲೋ ಮಣ್ಣಿನ ಗುಣದಿಂದಲೋ ಎಂಬ ಚರ್ಚೆ ಅಲ್ಲಿಂದ ನಿಂತಿಲ್ಲ.

ಆರಿಸುವ ವಿದ್ಯೆಯ ಅತ್ಯಂತ ಅರ್ಥಪೂರ್ಣ ಫಲ ಬಂದದ್ದು ಆಸ್ಟ್ರೇಲಿಯದ ಮೆಲ್ಬರ್ನಿನಿಂದ. ಅಲ್ಲಿನ ಜೇನ್ ವಿಸ್ವಾಡರ್ ಮತ್ತು ಜೆಫ್ರಿ ಲಿಂಡೆಮನ್ ಅವರ ತಂಡ 2006ರಲ್ಲಿ ಇಲಿಯ ಸ್ತನದಿಂದ ಆರಿಸಿದ ಒಂದೇ ಒಂದು ಆಕರ ಕೋಶದಿಂದ ಇಡೀ ಸ್ತನಗ್ರಂಥಿಯನ್ನು ಬೆಳೆಸಿ ತೋರಿಸಿತು. ಮುಂದೆ ಅವರು ಮನುಷ್ಯರತ್ತ ತಿರುಗಿದರು. ಬಿಆರ್‌ಸಿಎ1 ಎಂಬ ವಂಶವಾಹಿಯ ದೋಷ ಹೊತ್ತ ಮನೆತನಗಳಲ್ಲಿ ಸ್ತನ ಕ್ಯಾನ್ಸರ್ ತಾಯಿಯಿಂದ ಮಗಳಿಗೆ ಬೆನ್ನುಹತ್ತಿ ಬರುತ್ತದೆ. ಆ ವಂಶವಾಹಿಯ ನೆಲೆಯನ್ನು ಮೇರಿ-ಕ್ಲೇರ್ ಕಿಂಗ್ 1990ರಲ್ಲಿ ಗುರುತಿಸಿದ್ದರು. ರೋಗ ಬರುವ ಮೊದಲೇ ಸ್ತನ ತೆಗೆಸಿಕೊಂಡ ಅಂಥ ಮಹಿಳೆಯರು ತಮ್ಮ ಅಂಗಾಂಶವನ್ನು ಸಂಶೋಧನೆಗೆ ಕೊಟ್ಟರು. ಅವರಲ್ಲಿ ಬರುವ ಗಡ್ಡೆ ತಳಪದರದ ಲಕ್ಷಣದ್ದು. ಆದ್ದರಿಂದ ಅದು ಆಕರ ಕೋಶದಿಂದಲೇ ಹುಟ್ಟುತ್ತದೆ ಎಂಬ ಊಹೆ ಬಲವಾಗಿತ್ತು. ಕೋಶಗಳನ್ನು ಆರಿಸಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು. ಹೆಚ್ಚಾಗಿದ್ದದ್ದು ಆಕರ ಕೋಶಗಳಲ್ಲ, ಅವುಗಳ ಮುಂದಿನ ಪೀಳಿಗೆಯಾದ, ನಾಳದ ಒಳಪದರಕ್ಕೆ ಸೇರಬೇಕಾದ ಎಳೆಯ ಕೋಶಗಳು. ಗಡ್ಡೆಯ ಚರ್ಯೆ ಹೋಲುತ್ತಿದ್ದದ್ದೂ ಅವನ್ನೇ. ಇದು ಪ್ರಕಟವಾದದ್ದು 2009ರಲ್ಲಿ.

ಮುಖ ನೋಡಿ ಮನೆತನ ಹೇಳಲಾಗದು ಎಂದಂತಾಯಿತು. ಇದರ ಬೆಲೆ ಪಾಂಡಿತ್ಯಕ್ಕಷ್ಟೇ ಸೀಮಿತವಲ್ಲ. ಅದೇ ತಂಡ 2016ರಲ್ಲಿ, ಆ ಎಳೆಯ ಕೋಶಗಳಲ್ಲಿ ಒಂದು ಗುಂಪು ಮೂಳೆ ಸವೆತಕ್ಕೆ ಬಳಸುವ ಡೆನೊಸುಮ್ಯಾಬ್ ಎಂಬ ಔಷಧಕ್ಕೆ ಮಣಿಯಬಹುದು ಎಂಬ ಸೂಚನೆ ಕೊಟ್ಟಿತು. ಸ್ತನ ತೆಗೆಸಿಕೊಳ್ಳುವ ಬದಲು ಔಷಧದಿಂದಲೇ ರೋಗ ತಡೆಯಬಹುದೇ ಎಂದು ನೋಡುವ ಅಂತರರಾಷ್ಟ್ರೀಯ ಪ್ರಯೋಗಕ್ಕೆ ಇದು ದಾರಿ ಮಾಡಿತು.

ಎಲ್ಲ ಆಸೆಗಳೂ ಹೀಗೆ ಫಲಿಸಲಿಲ್ಲ. ಗಡ್ಡೆಯಿಂದ ಕಳಚಿ ರಕ್ತದಲ್ಲಿ ಅಲೆಯುವ ಕೋಶಗಳನ್ನು ಆಸ್ಟ್ರೇಲಿಯದ ಥಾಮಸ್ ಆಶ್‌ವರ್ತ್ 1869ರಲ್ಲೇ ಕಂಡಿದ್ದರು. ಪ್ರತಿಕಾಯ ಅಂಟಿಸಿದ ಕಬ್ಬಿಣದ ಸೂಕ್ಷ್ಮ ಕಣಗಳಿಂದ, ಆಯಸ್ಕಾಂತದ ನೆರವಿನಲ್ಲಿ ಅವನ್ನು ಆರಿಸುವ ಪರೀಕ್ಷೆಗೆ 2004ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ರೋಗ ಹರಡಿದ ಮಹಿಳೆಯ 7.5 ಮಿಲಿಲೀಟರ್ ರಕ್ತದಲ್ಲಿ ಇಂಥ ಐದು ಅಥವಾ ಹೆಚ್ಚು ಕೋಶಗಳಿದ್ದರೆ ಮುಂದಿನ ದಿನಗಳು ಕಷ್ಟದವು ಎಂದು ತಿಳಿಯುತ್ತಿತ್ತು. ಆದರೆ ಆ ಎಣಿಕೆಯನ್ನು ನೋಡಿ ಬೇಗ ಔಷಧ ಬದಲಿಸಿದರೂ ಆಯುಸ್ಸು ಹೆಚ್ಚಲಿಲ್ಲ ಎಂದು 2014ರ ಪ್ರಯೋಗ ಹೇಳಿತು. ಭವಿಷ್ಯ ತಿಳಿಯುವುದು ಬೇರೆ, ಅದನ್ನು ಬದಲಿಸುವುದು ಬೇರೆ.

ಮರಳಿ ವಿಳಾಸಕ್ಕೆ

1996ರಲ್ಲಿ ಬದಿಗೆ ಸರಿಸಿದ ಡಿಎನ್‌ಎ ಅಳತೆಗೂ ಮರುಜೀವ ಬಂತು. ನಿಕೊಲಸ್ ನೇವಿನ್ ಮತ್ತು ಸಂಗಡಿಗರು ಸ್ತನದ ಗಡ್ಡೆಗಳ ಕೋಶಕೇಂದ್ರಗಳನ್ನು ಡಿಎನ್‌ಎ ಪ್ರಮಾಣದ ಮೇಲೆ ಲೇಸರ್ ಯಂತ್ರದಿಂದ ಆರಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ಓದಿ 2011ರಲ್ಲಿ ವರದಿ ಮಾಡಿದರು. ಒಂದೇ ಗಡ್ಡೆಯೊಳಗೆ ಬೇರೆಬೇರೆ ಕವಲುಗಳು ಬೆಳೆದಿರುವುದು ವಂಶವೃಕ್ಷದಂತೆ ಕಾಣಿಸಿತು. ಜ್ಯೂರಿಕ್‌ನ ಬರ್ನ್ಡ್ ಬೋಡನ್‌ಮಿಲ್ಲರ್ ಅವರ ತಂಡ 2019ರಲ್ಲಿ 144 ಗಡ್ಡೆಗಳ, ಗಡ್ಡೆಯಿಲ್ಲದ 50 ಮಾದರಿಗಳ 2 ಕೋಟಿ 60 ಲಕ್ಷ ಕೋಶಗಳಲ್ಲಿ 73 ಪ್ರೊಟೀನುಗಳನ್ನು ಅಳೆಯಿತು. ಹೊಳೆಯುವ ಬಣ್ಣಗಳ ಬದಲು ಅವರು ಪ್ರತಿಕಾಯಗಳಿಗೆ ಅಪರೂಪದ ಲೋಹಗಳನ್ನು ಕಟ್ಟಿದ್ದರು. ಎರಡು ಗಡ್ಡೆಗಳು ಒಂದೇ ಗುಂಪಿನವಾದರೂ ಒಳಗಿನ ಕೋಶಗಳ ಬೆರಕೆ ಒಂದೇ ಆಗಿರಲಿಲ್ಲ.

ಅದೇ ಜ್ಯೂರಿಕ್ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ಗಡ್ಡೆಯನ್ನು ಬಿಡಿಸದೆ, ತೆಳು ಸೀಳಿನ ಮೇಲೆಯೇ ಲೇಸರ್ ಹಾಯಿಸಿ ಚುಕ್ಕಿ ಚುಕ್ಕಿಯಾಗಿ ಲೋಹಗಳನ್ನು ಅಳೆದರೆ ಕೋಶದ ಗುಣವೂ ತಿಳಿಯುತ್ತದೆ, ಅದರ ವಿಳಾಸವೂ ಉಳಿಯುತ್ತದೆ. 2020ರಲ್ಲಿ 352 ರೋಗಿಗಳ ಗಡ್ಡೆಗಳನ್ನು ಹೀಗೆ ನೋಡಿದಾಗ, ಯಾವ ಕೋಶ ಯಾವುದರ ನೆರೆಯಲ್ಲಿದೆ ಎಂಬುದಕ್ಕೂ ರೋಗಿಯ ಮುಂದಿನ ಗತಿಗೂ ಸಂಬಂಧ ಕಂಡುಬಂತು. ನೆರೆಹೊರೆಯನ್ನು ಕೆಡವಿ ಅಳೆಯಲು ಹೊರಟ ವಿದ್ಯೆ ಅರ್ಧ ಶತಮಾನದ ನಂತರ ನೆರೆಹೊರೆಯನ್ನೇ ಅಳೆಯಲು ಮರಳಿತು.

ಈ ಇತಿಹಾಸ ನಮಗೂ ದೂರದ್ದಲ್ಲ. ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ನೋಂದಣಿ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿದೆ. ಮೊದಲ ವರ್ಷಗಳಲ್ಲಿ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮುಂದಿತ್ತು. ಈಗ ಮುಂದಿರುವುದು ಸ್ತನ ಕ್ಯಾನ್ಸರ್. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ವರದಿಯಲ್ಲಿ ಇಆರ್, ಪಿಆರ್, ಹರ್-2 ಎಂಬ ಮೂರು ಸಾಲುಗಳಿರುತ್ತವೆ. ಓದುವವರಿಗೆ ಅವು ಬರೀ ಅಕ್ಷರಗಳಂತೆ ಕಾಣಬಹುದು. ಎರ್ಲಿಕ್ಕರ ಬಣ್ಣ, ಬೀಟ್ಸನ್ನರ ಅನುಮಾನ, ಜೆನ್ಸನ್ನರ ಗ್ರಾಹಕ, ಮಿಲ್‌ಸ್ಟೈನರ ಪ್ರತಿಕಾಯ ಆ ಸಾಲುಗಳ ಹಿಂದಿವೆ. ಯಾವ ಔಷಧ ಬೇಕು, ಯಾವುದು ಬೇಡ ಎಂಬ ತೀರ್ಮಾನ ಬಹುಪಾಲು ಅವುಗಳನ್ನೇ ನೆಚ್ಚಿದೆ.

ಆ ಸಾಲುಗಳು ಸರಿಯಾಗಿ ಬರಬೇಕಾದರೆ ತೆಗೆದ ಗಡ್ಡೆಯನ್ನು ಒಂದು ಗಂಟೆಯೊಳಗೆ ಫಾರ್ಮಲಿನ್ನಿಗೆ ಹಾಕಬೇಕು, ಅದರಲ್ಲಿ 6ರಿಂದ 72 ಗಂಟೆ ಇರಿಸಬೇಕು ಎಂದು ತಜ್ಞರ ನಿಯಮವಿದೆ. ತಡವಾದರೆ ಗ್ರಾಹಕ ಇದ್ದರೂ ಇಲ್ಲವೆಂದು ಕಾಣಬಹುದು. ಮಾತ್ರೆಯಿಂದ ಗುಣ ಕಾಣಬಹುದಾದ ಮಹಿಳೆಗೆ ಆ ಮಾತ್ರೆ ಸಿಗದೆ ಹೋಗಬಹುದು. ಹಾಗೆ ಕೆಟ್ಟ ತುಣುಕನ್ನು ಮುಂದೆ ಎಂಥ ದುಬಾರಿ ಯಂತ್ರದಲ್ಲಿಟ್ಟರೂ ಸರಿಪಡಿಸಲಾಗದು. ಆದ್ದರಿಂದ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಪ್ರಯೋಗಾಲಯಕ್ಕೆ ಡಬ್ಬಿ ಹಿಡಿದು ಹೋಗುವ ಸಿಬ್ಬಂದಿ, ಅದರ ಮೇಲೆ ಹೆಸರನ್ನೂ ಹೊತ್ತನ್ನೂ ಬರೆಯುವ ದಾದಿ, ಮೇಣದ ತುಂಡನ್ನು ತೆಳುವಾಗಿ ಸೀಳುವ ತಂತ್ರಜ್ಞೆ ಇವರೆಲ್ಲರೂ ಈ ಇತಿಹಾಸಕ್ಕೆ ಸೇರಿದವರೇ. ಇಬ್ಬರು ಮಹಿಳೆಯರಲ್ಲಿ ಯಾರಿಗೆ ಏನು ಬೇಕೆಂಬ ಉತ್ತರ ಅವರ ಕೈಯಿಂದಲೇ ಆರಂಭವಾಗುತ್ತದೆ.